ಹಳೆಯ ಮಣಿ ಪುಕ್ಕಟೆಯೇ? ಕೈಯಲ್ಲಿ ಮಾಡಿದ ಒಡವೆಯ ವೆಚ್ಚದ ಲೆಕ್ಕ



ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ‘ಅವಕಾಶ ವೆಚ್ಚ’ ಎಂಬ ಪದ ಬರುತ್ತದೆ. ಒಂದು ವಸ್ತುವನ್ನೋ ಸಮಯವನ್ನೋ ಒಂದು ಕೆಲಸಕ್ಕೆ ಬಳಸಿದರೆ, ಅದರಿಂದ ಆಗಬಹುದಾಗಿದ್ದ ಮತ್ತೊಂದು ಒಳ್ಳೆಯ ಉಪಯೋಗವನ್ನು ಬಿಟ್ಟುಕೊಡುತ್ತೇವೆ. ಹಾಗೆ ಬಿಟ್ಟುಕೊಟ್ಟದ್ದರ ಬೆಲೆಯೇ ಅವಕಾಶ ವೆಚ್ಚ. ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡುವ ಈ ವ್ಯಾಖ್ಯೆ ಮನೆಯಲ್ಲಿ ಕುಳಿತು ದುಡಿಯುವವರಿಗೆ ಎಷ್ಟು ಅಗತ್ಯ ಎಂಬುದನ್ನು, ಹಳೆಯ ಸಾಮಾನಿನಿಂದ ಒಡವೆ ಮಾಡುವ ಕೆಲಸದ ಮೂಲಕ ವಿವರಿಸುತ್ತೇನೆ.

ಹಳೆಯ ಸಾಮಾನು ಯಾವುದು?

ನಮ್ಮ ಮನೆಗಳಲ್ಲಿ ಮದುವೆಯಾದ ಹೆಂಗಸರು ಲಚ್ಛಾ ಧರಿಸುವುದುಂಟು. ಅದು ಸಣ್ಣ ಕರಿಮಣಿಗಳ ಹಲವು ಎಳೆ ಸೇರಿಸಿ ಮಾಡಿದ ಸರ. ವರ್ಷಗಳು ಕಳೆದಂತೆ ದಾರ ಸವೆದು ಹರಿಯುತ್ತದೆ. ಗಾಜಿನ ಮಣಿ ಮಾತ್ರ ಹಾಗೇ ಉಳಿಯುತ್ತದೆ. ನನ್ನ ಆಪಾ ಇಂಥ ಮಣಿಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ. ಅಂಚು ಒಡೆದ ಮಣಿ ದಾರವನ್ನು ಕತ್ತರಿಸುವುದರಿಂದ ಅದನ್ನು ತೆಗೆದುಹಾಕುತ್ತಾರೆ. ಉಳಿದವನ್ನು ಪೋಣಿಸಿ ಹೊಸ ಸರ ಮಾಡುತ್ತಾರೆ.

ಹಳೆಯ ಸೀರೆಯ ಜರಿ ಅಂಚಿನಿಂದ ಕಿವಿಯೋಲೆಯನ್ನೂ ಮಾಡಬಹುದು. ಆದರೆ ಕತ್ತರಿ ಹಾಕುವ ಮುನ್ನ ಅದು ಅಸಲಿ ಜರಿಯೇ ಎಂದು ನೋಡಬೇಕು. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ ಇರುತ್ತದೆ. ಬೆಳ್ಳಿಗಾಗಿಯೇ ಹಳೆಯ ಜರಿಯನ್ನು ಕೊಳ್ಳುವವರಿದ್ದಾರೆ. ಅಂಥ ಜರಿಯನ್ನು ಅಗ್ಗದ ಕಿವಿಯೋಲೆಗೆ ಬಳಸಿದರೆ ಲಾಭದಂತೆ ಕಾಣುವುದು ನಿಜವಾಗಿ ನಷ್ಟ.

ನಾಣ್ಯದ ವಿಷಯದಲ್ಲೂ ಎಚ್ಚರ ಬೇಕು. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದನ್ನೂ ನಾಶಪಡಿಸುವುದನ್ನೂ 2011ರ ನಾಣ್ಯ ಕಾಯ್ದೆ ನಿಷೇಧಿಸುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.

ಒಂದು ಸರದ ಲೆಕ್ಕ

ಆಪಾ ಮಾಡಿದ ಒಂದು ಕರಿಮಣಿ ಸರಕ್ಕೆ ಒಂದು ಫ್ಯಾನ್ಸಿ ಅಂಗಡಿಯವರು ₹150 ಕೊಟ್ಟರು. “ಮಣಿ ಮನೆಯದೇ ಅಲ್ವಾ, ಬಂದದ್ದೆಲ್ಲ ಲಾಭ” ಎಂದರು ಅಮ್ಮಿ. ನಾನು ಪುಸ್ತಕ ತೆಗೆದು ಹೀಗೆ ಬರೆದೆ:

1. ಮಣಿ (ಹಾಗೇ ಮಾರಿದ್ದರೆ ಸಿಗುತ್ತಿದ್ದ ಬೆಲೆ): ₹60
2. ತಂತಿ, ಕೊಕ್ಕೆ, ರಿಂಗ್: ₹35
3. ಡಬ್ಬಿ: ₹10
4. ಇಕ್ಕಳದ ಸವೆತ (₹400ರ ಇಕ್ಕಳ, 100 ಸರಕ್ಕೆ ಹಂಚಿದರೆ): ₹4
5. ದುಡಿಮೆ (4 ಗಂಟೆ, ಗಂಟೆಗೆ ₹60): ₹240

ಒಟ್ಟು ವೆಚ್ಚ: ₹349

ಗಂಟೆಗೆ ₹60 ಎಲ್ಲಿಂದ ಬಂತು? ಅದೇ ಹೊತ್ತಿನಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೊ ಮಾಡಿದ್ದರೆ ಆಪಾಗೆ ಅಷ್ಟು ಸಿಗುತ್ತಿತ್ತು. ಇದೇ ಅವರ ಸಮಯದ ಅವಕಾಶ ವೆಚ್ಚ. ₹150ರಲ್ಲಿ ಮೊದಲ ನಾಲ್ಕು ಬಾಬ್ತಿನ ₹109 ಕಳೆದರೆ ಉಳಿಯುವುದು ₹41. ಅಂದರೆ ದುಡಿಮೆಗೆ ಗಂಟೆಗೆ ಹತ್ತು ರೂಪಾಯಿ! ಲೆಕ್ಕ ನೋಡಿ ಅಮ್ಮಿ ಸುಮ್ಮನಾದರು. ಆಪಾ ಮಾತ್ರ, “ಇಷ್ಟು ದಿನ ನನ್ನ ಬೆರಳಿಗೆ ಬೆಲೆಯೇ ಇರಲಿಲ್ಲ” ಎಂದರು.

ಅಂಗಡಿಯವರದೇ ತಪ್ಪು ಎಂದು ನಾನು ಹೇಳುವುದಿಲ್ಲ. ಅವರಿಗೂ ಬಾಡಿಗೆ ಇದೆ, ಮಾರಾಟವಾಗದ ಮಾಲಿನ ಭಯವಿದೆ. ಆದರೆ ತನ್ನ ವೆಚ್ಚ ಗೊತ್ತಿಲ್ಲದವರು ಚೌಕಾಸಿ ಮಾಡುವುದಾದರೂ ಹೇಗೆ?

ಪರಿಹಾರ ಏನು?

ಮೊದಲನೆಯದು, ಕೆಲಸದ ವಿಂಗಡಣೆ. ಒಂದು ದಿನ ಎಲ್ಲ ಮಣಿಗಳನ್ನು ತೊಳೆದು ಬೇರ್ಪಡಿಸುವುದು, ಇನ್ನೊಂದು ದಿನ ಪೋಣಿಸುವುದು ಮಾತ್ರ. ಹೀಗೆ ಮಾಡಿದ ಮೇಲೆ ಒಂದು ಸರಕ್ಕೆ ಎರಡೂವರೆ ಗಂಟೆ ಸಾಕಾಯಿತು. ದುಡಿಮೆಯ ವೆಚ್ಚ ₹150ಕ್ಕೆ, ಒಟ್ಟು ವೆಚ್ಚ ₹259ಕ್ಕೆ ಇಳಿಯಿತು. ಎರಡನೆಯದು, ನೇರ ಮಾರಾಟ. ಈಗ ಆಪಾ ಪರಿಚಯದವರಿಗೆ ₹350ಕ್ಕೆ ಮಾರುತ್ತಾರೆ. ತಮ್ಮ ಕೂಲಿ ಕಳೆದ ಮೇಲೂ ₹91 ಲಾಭ.

ಮೂರನೆಯದು, ನಿಜ ಹೇಳುವುದು. ಉದಾಹರಣೆಗೆ, ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಇರುವುದಿಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ನಿಕ್ಕಲ್‌ನಿಂದ ಕೆಲವರಿಗೆ ಚರ್ಮ ತುರಿಸುತ್ತದೆ. ಕೊಳ್ಳುವವರಿಗೆ ಇದನ್ನು ಮೊದಲೇ ತಿಳಿಸಬೇಕು. ಹಳೆಯ ಮಣಿಯನ್ನು ಹಳೆಯದೆಂದೇ ಹೇಳಿ ಮಾರಬೇಕು. ಹಳೆಯದು ಎಂಬ ಕಾರಣಕ್ಕೇ ಇಷ್ಟಪಟ್ಟು ಕೊಳ್ಳುವವರೂ ಇದ್ದಾರೆ.

ನೀವೇ ಮಾಡಿ ನೋಡಿ

ನಿಮ್ಮ ಮನೆಯಲ್ಲೂ ಯಾರಾದರೂ ಹೊಲಿಗೆ, ಕಸೂತಿ, ಅಗರಬತ್ತಿ ಅಥವಾ ಉಪ್ಪಿನಕಾಯಿಯ ಕೆಲಸ ಮಾಡುತ್ತಿರಬಹುದು. ಮೇಲಿನ ಐದು ಸಾಲುಗಳನ್ನು ಅವರ ಕೆಲಸಕ್ಕೆ ಹೊಂದಿಸಿ ತುಂಬಿ. ಐದನೆಯ ಸಾಲನ್ನು ಮಾತ್ರ ಖಾಲಿ ಬಿಡಬೇಡಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ