ಪುಟಾಣಿಗಳಿಗೊಂದು ಹಕ್ಕಿವಾರ

ಅಂಗನವಾಡಿಯಲ್ಲೋ ಮನೆಯಲ್ಲೋ ಹಕ್ಕಿವಾರ ಮಾಡುವುದಾದರೆ ಚಾರ್ಟಿನ ನವಿಲಿನಿಂದ ಶುರುಮಾಡಬೇಡಿ. ಸೋಮವಾರಕ್ಕೆ ಅಂಗಳದ ಕಾಗೆ ಸಾಕು. ಮಂಗಳವಾರ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಮಕ್ಕಳನ್ನು ದೂರದಲ್ಲಿ ಸದ್ದಿಲ್ಲದೆ ಕೂರಿಸಿ.

ಬುಧವಾರ, ಗುರುವಾರ ಎರಡೂ ದಿನ ಗೂಡಿಗೇ ಇರಲಿ. ಗಾಳಿಗೆ ಬಿದ್ದ ಹಳೆಯ ಗೀಜಗನ ಗೂಡು ಸಿಕ್ಕರೆ ಮಕ್ಕಳ ಕೈಗೇ ಕೊಡಿ: ಸೀಳಿದ ಹುಲ್ಲಿನೆಳೆಗಳ ಬಿಗಿ ಹೆಣಿಗೆ, ಕೆಳಗೆ ಕೊಳವೆಯಂಥ ಬಾಗಿಲು. ಗಂಡುಹಕ್ಕಿ ಇದನ್ನು ಕೊಕ್ಕಿನಿಂದಲೇ ನೇಯ್ದಿದ್ದು ಎಂದಾಗ ಆ ಕಣ್ಣುಗಳನ್ನು ನೋಡಬೇಕು! ಆಮೇಲೆ ಸೋಪಿನಲ್ಲಿ ಕೈ ತೊಳೆಸಿ, ತೆಂಗಿನ ನಾರು ಕೊಡಿ, ಅವರೂ ಹೆಣೆಯಲಿ. ಮರದಲ್ಲಿರುವ ಗೂಡನ್ನು ಮಾತ್ರ ಮುಟ್ಟಬೇಡಿ.

ಶುಕ್ರವಾರ ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ ಬಣ್ಣ. ರೆಕ್ಕೆ ಬಿಚ್ಚಿದಾಗ ಕಾಣುವ ನೀಲಿಗೆ ಎರಡು ಕ್ರೇಯಾನ್ ಬೇಕು. ಶನಿವಾರ 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿಗೋ, ದೂರವಾದರೆ ಊರ ಕೆರೆ ಏರಿಗೋ ಕರೆದೊಯ್ಯಿರಿ. ಹೆಸರು ಕೇಳಿದರೆ ಹೇಳಿ, ಬಾಯಿಪಾಠ ಮಾಡಿಸಬೇಡಿ.