ಸವಳು ನೆಲದ ಹತ್ತಿಗೆ ಹನಿ ನೀರು

ನಮ್ಮ ಹೊಲ ಸಿಂಧನೂರು ಸೀಮೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ತಗ್ಗಿನಲ್ಲಿದೆ. ಈ ಅಚ್ಚುಕಟ್ಟನ್ನು ರೂಪಿಸಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಮಿತನೀರಿನ ಬೆಳೆಗಳಿಗೆ. ಬರಬರುತ್ತಾ ಭತ್ತ ಹಬ್ಬಿತು. ಮೇಲಿನ ಗದ್ದೆಯ ನೀರು ಬಸಿದು ನಮ್ಮ ಎರೆಭೂಮಿಗೆ ಇಳಿಯಿತು. ಅಂತರ್ಜಲ ಮೇಲೆದ್ದು, ಬಿಸಿಲಿಗೆ ನೀರು ಆರಿ, ಉಪ್ಪು ಮಾತ್ರ ನೆಲದ ಮೇಲೆ ಉಳಿಯಿತು. ಇಂಥ ನೆಲದಲ್ಲಿ ಹನಿ ನೀರಾವರಿಯಿಂದ ಹತ್ತಿ ಬೆಳೆಯುತ್ತಾ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಪೈಪು ಕೊಳ್ಳುವ ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಬೇಕು. ಸಂತೃಪ್ತ ಮಣ್ಣಿನ ರಸದಲ್ಲಿ ಇ.ಸಿ. (ವಿದ್ಯುತ್ ವಾಹಕತೆ, ಉಪ್ಪಿನ ಅಳತೆ) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು. ಹತ್ತಿ ಗಟ್ಟಿ ಬೆಳೆ, ಸುಮಾರು 7.7ರವರೆಗೂ ಇಳುವರಿ ಹೆಚ್ಚು ಕುಗ್ಗುವುದಿಲ್ಲ. ಆದರೆ ಮೊಳಕೆ, ಎಳೆ ಸಸಿಗಳಿಗೆ ಆ ತಾಳಿಕೆ ಇಲ್ಲ. ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ಹಾಗಾಗಿ ಯಾವ ವಿಧಾನದಲ್ಲಿ ಅಳೆದಿರೆಂದು ಪ್ರಯೋಗಾಲಯದವರನ್ನು ಕೇಳಲೇಬೇಕು. ಸೋಡಿಯಂ ಹೆಚ್ಚಿರುವ ಕರಲು ನೆಲವಾದರೆ ಬರೀ ನೀರಿನಿಂದ ಆಗದು, ಜಿಪ್ಸಂ ಬೇಕು.

ಡ್ರಿಪ್ ಉಪ್ಪನ್ನು ಹೊಲದಿಂದ ಹೊರಗೆ ಹಾಕುವುದಿಲ್ಲ, ಬೇರಿನಿಂದ ಪಕ್ಕಕ್ಕೆ ಸರಿಸುತ್ತದೆ, ಅಷ್ಟೆ. ಹನಿ ಬೀಳುವಲ್ಲಿ ಮಣ್ಣು ತೊಳೆದು ಹದವಾಗಿರುತ್ತದೆ. ತೇವ ಮುಗಿಯುವ ಅಂಚಿನಲ್ಲಿ ಉಪ್ಪು ಕೂಡಿಕೊಳ್ಳುತ್ತದೆ. ಭಾದ್ರಪದದ ಬಿಸಿಲಲ್ಲಿ ಎರಡು ಸಾಲುಗಳ ನಡುವೆ ಬೆರಳಿನಿಂದ ಗೀರಿದರೆ ಬಿಳಿ ಹುಡಿ ಉಗುರಿಗೆ ಅಂಟುತ್ತದೆ. ಅದಕ್ಕೇ ಲ್ಯಾಟರಲ್ ಪೈಪು ಗಿಡದ ಬುಡದ ಹತ್ತಿರವೇ ಇರಬೇಕು. ಒಮ್ಮೆಗೇ ಹೆಚ್ಚು ನೀರು ಕೊಟ್ಟು ನೆಲ ಒಣಗಲು ಬಿಡದೆ, ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ತುಂತುರು ಮಳೆಯ ಪಾಠ. ಸಣ್ಣ ಮಳೆ ಬಂದಾಗ ಎಲ್ಲರೂ ಮೋಟಾರ್ ನಿಲ್ಲಿಸುತ್ತಾರೆ. ಆದರೆ ಆ ಮಳೆಯೇ ಅಂಚಿನ ಉಪ್ಪನ್ನು ಕರಗಿಸಿ ಬೇರಿನ ಕಡೆಗೆ ತಳ್ಳುತ್ತದೆ. ಅಂಥ ಹೊತ್ತಿನಲ್ಲಿ ಡ್ರಿಪ್ ಓಡುತ್ತಿದ್ದರೆ ಉಪ್ಪು ದೂರವೇ ಉಳಿಯುತ್ತದೆ. ದೊಡ್ಡ ಮಳೆ ಬಂದರೆ ಅದೇ ತೊಳೆದುಕೊಂಡು ಹೋಗುತ್ತದೆ, ಆಗ ನಿಲ್ಲಿಸಬಹುದು.

ಗಡಸು ನೀರಿನ ಸುಣ್ಣ ಡ್ರಿಪ್ಪರ್ ಕಣ್ಣುಗಳನ್ನು ಮುಚ್ಚುತ್ತದೆ. ಫಿಲ್ಟರ್ ತೊಳೆಯುವುದು, ಪೈಪಿನ ತುದಿ ಬಿಚ್ಚಿ ನೀರು ಹರಿಸುವುದು, ತಿಳಿದವರ ಮಾರ್ಗದರ್ಶನದಲ್ಲಿ ಆಮ್ಲ ಹಾಯಿಸುವುದು ತಪ್ಪಬಾರದು. ಒಂದು ಕಣ್ಣು ಕಟ್ಟಿದರೆ ಅಲ್ಲಿಯ ಗಿಡ ಬಾಯಾರುವುದರ ಜೊತೆಗೆ ಉಪ್ಪಿಗೂ ಸಿಕ್ಕುತ್ತದೆ. ಪೊಟ್ಯಾಷ್‌ಗೆ ನಾನು ಮ್ಯೂರಿಯೇಟ್ (ಕ್ಲೋರೈಡ್) ರೂಪ ಬಿಟ್ಟು ಸಲ್ಫೇಟ್ ರೂಪವನ್ನೇ ಕೊಡುತ್ತೇನೆ. ನೆಲದಲ್ಲಿ ಇರುವ ಕ್ಲೋರೈಡ್ ಸಾಲದೇ?

ಹತ್ತಿ ಬಿಡಿಸಿ ಮುಗಿದ ಮೇಲೂ ಕೆಲಸ ಇರುತ್ತದೆ. ಕೂಡಿದ ಉಪ್ಪನ್ನು ಮುಂಗಾರು ಮಳೆಯಿಂದಲೋ ಕಾಲುವೆಯ ಒಳ್ಳೆಯ ನೀರಿನಿಂದಲೋ ಕೆಳಕ್ಕೆ ತೊಳೆಯಬೇಕು. ತೊಳೆದ ನೀರು ಹೋಗಲು ಬಸಿಗಾಲುವೆಯೂ ಬೇಕು. ಅದು ಒಬ್ಬ ರೈತನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನವರೂ ಕೆಳಗಿನವರೂ ಕೂಡಿ ತೋಡಬೇಕು. ಸರ್ಕಾರ ಡ್ರಿಪ್ಪಿಗೆ ಕೊಡುವ ಸಹಾಯಧನದಷ್ಟೇ ಆಸ್ಥೆಯಿಂದ ಬಸಿಗಾಲುವೆಗೂ ಹಣ ಕೊಟ್ಟರೆ ಈ ನೆಲ ಮಕ್ಕಳ ಕಾಲಕ್ಕೂ ಹತ್ತಿ ಬೆಳೆಯುತ್ತದೆ.