ಹಳೆಯ ಕಾರಿಗೊಂದು ಹೆಚ್ಚಿನ ಫ್ಯೂಸು ಪೆಟ್ಟಿಗೆ

ಫ್ಯೂಸು ಇರುವುದು ದೀಪವನ್ನು ಕಾಯುವುದಕ್ಕೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಪೂರ್ತಿ ನಿಜವಲ್ಲ. ಫ್ಯೂಸು ಮುಖ್ಯವಾಗಿ ಕಾಯುವುದು ತಂತಿಯನ್ನು. ತಂತಿಯ ಮೂಲಕ ಗಾಡಿಯನ್ನು, ಗಾಡಿಯಲ್ಲಿ ಕುಳಿತವರನ್ನು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ, ಹಳೆಯ ಕಾರಿಗೆ ಇನ್ನೊಂದು ಫ್ಯೂಸು ಪೆಟ್ಟಿಗೆಯನ್ನು ಏಕೆ ಸೇರಿಸಬೇಕು, ಎಲ್ಲಿ ಸೇರಿಸಬೇಕು, ಎಷ್ಟು ಆಂಪೇರಿನ ಫ್ಯೂಸು ಹಾಕಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ದೊರೆಯುತ್ತದೆ. ಕಲಾ ವಿಭಾಗದ ವಾಚಕರು ಗಣಿತವೆಂದು ಹಿಂಜರಿಯಬೇಕಾಗಿಲ್ಲ; ಇಲ್ಲಿ ಬೇಕಾಗುವುದು ಗುಣಾಕಾರ, ಭಾಗಾಕಾರಗಳಷ್ಟೆ.

ಉದಾಹರಣೆಗಾಗಿ ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಮಾರಿಸ್ ಮೈನರ್ ೧೦೦೦ ಎಂಬ ಕಾರನ್ನು. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ ಕಾರು ೧೯೪೮ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ೧೯೫೬ರಲ್ಲಿ ೯೪೮ ಸಿ.ಸಿ. ಎಂಜಿನ್ನನ್ನು ಪಡೆದು ‘ಮೈನರ್ ೧೦೦೦’ ಎನಿಸಿತು. ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಡರ್ ಕಾರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ಮನೆತನದ್ದು. ಮೈನರ್ ಕಾರಿನ ಎಂಜಿನ್ನಿನ ಹಿಂದಿರುವ ತಗಡಿನ ಗೋಡೆಯ ಮೇಲೆ ಲೂಕಾಸ್ ಕಂಪನಿಯ ಪುಟ್ಟ ಫ್ಯೂಸು ಪೆಟ್ಟಿಗೆಯೊಂದಿದೆ. ಅದರಲ್ಲಿರುವುದು ಎರಡೇ ಫ್ಯೂಸು. ಒಂದು ಹಾರನ್ನಿಗೆ, ಇನ್ನೊಂದು ವೈಪರು, ಪೆಟ್ರೋಲು ಮಾಪಕ, ಬ್ರೇಕು ದೀಪ ಮುಂತಾದವುಗಳಿಗೆ. ಮುಂದಿನ ದೊಡ್ಡ ದೀಪಗಳ ತಂತಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಫ್ಯೂಸೇ ಇಲ್ಲ!

ಇದನ್ನು ಕೇವಲ ಅಲಕ್ಷ್ಯವೆಂದು ನಾನು ಭಾವಿಸುವುದಿಲ್ಲ. ಎರಡು ದೀಪಗಳಿಗೂ ಸೇರಿ ಒಂದೇ ಫ್ಯೂಸು ಇದ್ದು, ಅಮಾವಾಸ್ಯೆಯ ರಾತ್ರಿ ತಿರುವಿನಲ್ಲಿ ಅದು ಕರಗಿದರೆ ಚಾಲಕನ ಗತಿಯೇನು? ಆದರೆ ಫ್ಯೂಸಿಲ್ಲದ ತಂತಿಯೂ ನಿರಪಾಯಕಾರಿಯಲ್ಲ. ಒಂದು ಕಡೆ ಕತ್ತಲಿನ ಭಯ, ಇನ್ನೊಂದು ಕಡೆ ಬೆಂಕಿಯ ಭಯ. ಇವೆರಡರ ನಡುವಿನ ದಾರಿಯೇ ನಮ್ಮ ಹೆಚ್ಚಿನ ಪೆಟ್ಟಿಗೆ.

ಮೊದಲು ಬೆಂಕಿಯ ವಿಚಾರ. ಕಾರಿನಲ್ಲಿ ಬ್ಯಾಟರಿಯ ಒಂದು ಧ್ರುವವನ್ನು ಗಾಡಿಯ ಲೋಹದ ಮೈಗೇ ಸೇರಿಸಿರುತ್ತಾರೆ. ದೀಪದಿಂದ ಪ್ರವಾಹ ಹಿಂದಿರುಗುವುದು ಆ ಮೈಯ ಮೂಲಕವೇ. ಆದುದರಿಂದ ತಂತಿಯ ಹೊದಿಕೆ ಎಲ್ಲಿ ಸವೆದು ತಾಮ್ರವು ತಗಡಿಗೆ ತಗಲಿದರೂ ಪ್ರವಾಹವು ದೀಪವನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಒಂದು ಚದರ ಮಿಲಿಮೀಟರ್ ದಪ್ಪದ, ಮೂರು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು ೦.೦೫ ಓಂ. ಅದರಲ್ಲಿ ೩.೫ ಆಂಪೇರ್ ಹರಿದರೆ ಹುಟ್ಟುವ ಶಾಖ ಸುಮಾರು ೦.೬ ವ್ಯಾಟ್, ಕೈಗೆ ಬಿಸಿಯೇ ತಿಳಿಯದು. ಪ್ರವಾಹ ಇಪ್ಪತ್ತು ಪಟ್ಟು ಹೆಚ್ಚಿ ೭೦ ಆಂಪೇರ್ ಆದರೆ ಶಾಖ ನಾನೂರು ಪಟ್ಟು ಹೆಚ್ಚಿ ಸುಮಾರು ೨೪೫ ವ್ಯಾಟ್ ಆಗುತ್ತದೆ. ಹೊದಿಕೆ ಕರಗಲು, ಪಕ್ಕದ ತಂತಿಗಳೂ ಬೆತ್ತಲಾಗಿ ಒಂದಕ್ಕೊಂದು ತಗಲಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಇನ್ನು ಕತ್ತಲಿನ ವಿಚಾರ. ಪರಿಹಾರ ಸರಳವಾದುದು: ಎಲ್ಲಕ್ಕೂ ಒಂದು ಫ್ಯೂಸು ಬೇಡ, ಒಂದೊಂದಕ್ಕೂ ಒಂದೊಂದಿರಲಿ. ಎಡ ಮತ್ತು ಬಲ ದೀಪಗಳಲ್ಲಿ ದೂರದ ಬೆಳಕಿಗೊಂದು, ತಗ್ಗಿಸಿದ ಬೆಳಕಿಗೊಂದು, ಹೀಗೆ ಒಟ್ಟು ನಾಲ್ಕು ಎಳೆಗಳಿವೆ. ನಾಲ್ಕಕ್ಕೂ ಬೇರೆ ಬೇರೆ ಫ್ಯೂಸು ಹಾಕಿದರೆ, ಎಡದೀಪದ ತಂತಿ ಕೆಟ್ಟಾಗ ಬಲದೀಪವು ಉರಿಯುತ್ತಲೇ ಇರುತ್ತದೆ. ಆರು ಫ್ಯೂಸುಗಳ ಪೆಟ್ಟಿಗೆ ದೊರೆತರೆ ಉಳಿದ ಎರಡನ್ನು ಎಡ, ಬಲ ಪಕ್ಕಗಳ ಸಣ್ಣ ದೀಪಗಳಿಗೆ ಇಡಬಹುದು.

ಫ್ಯೂಸಿನ ಗಾತ್ರವನ್ನು ನಿರ್ಣಯಿಸುವಾಗ ಎರಡು ಮಿತಿಗಳನ್ನು ನೋಡಬೇಕು. ದೂರದ ಬೆಳಕಿನ ಎಳೆ ೪೨ ವ್ಯಾಟಿನದೆಂದು ಇಟ್ಟುಕೊಳ್ಳೋಣ. ಅದನ್ನು ೧೨ ವೋಲ್ಟಿನಿಂದ ಭಾಗಿಸಿದರೆ ೩.೫ ಆಂಪೇರ್. ಫ್ಯೂಸು ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು; ಏಕೆಂದರೆ ತಣ್ಣಗಿರುವ ಎಳೆ ಹೊತ್ತಿಕೊಳ್ಳುವ ಕ್ಷಣದಲ್ಲಿ ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಆದರೆ ತಂತಿ ಸುಖವಾಗಿ ತಾಳಬಲ್ಲ ಪ್ರವಾಹವನ್ನು ಅದು ಮೀರಬಾರದು. ಮೇಲೆ ಹೇಳಿದ ತಂತಿಗೆ ೭.೫ ಆಂಪೇರಿನ ಬ್ಲೇಡ್ ಫ್ಯೂಸು ಯೋಗ್ಯವಾದುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಲೂಕಾಸ್ ಕಂಪನಿಯ ಹಳೆಯ ಗಾಜಿನ ಫ್ಯೂಸಿನ ಮೇಲಿರುವ ‘೩೫ ಆಂಪೇರ್’ ಎಂಬುದು ಅದು ಕರಗುವ ಪ್ರವಾಹ. ಎಡೆಬಿಡದೆ ಅದು ಹೊರಬಲ್ಲದ್ದು ಸುಮಾರು ೧೭ ಆಂಪೇರ್ ಮಾತ್ರ. ಈಗಿನ ಬ್ಲೇಡ್ ಫ್ಯೂಸಿನ ಮೇಲಿನ ಅಂಕಿಯಾದರೋ ಅದು ಕರಗದೆ ಹೊರಬಲ್ಲ ಪ್ರವಾಹವನ್ನು ಸೂಚಿಸುತ್ತದೆ. ಅಂಕಿ ಒಂದೇ ಎಂದು ಹಳೆಯ ೩೫ರ ಜಾಗದಲ್ಲಿ ಹೊಸ ೩೫ನ್ನು ಇಟ್ಟರೆ ರಕ್ಷಣೆ ಅರ್ಧಕ್ಕೆ ಇಳಿಯುತ್ತದೆ. ಸಿಗರೇಟು ಪೊಟ್ಟಣದ ಹೊಳೆಯುವ ಕಾಗದವನ್ನು ಸುತ್ತಿ ಇಡುವವರಿಗಂತೂ ರಕ್ಷಣೆಯೇ ಇಲ್ಲ.

ಕೆಲಸಕ್ಕೆ ತೊಡಗುವ ಮುನ್ನ ಬ್ಯಾಟರಿಯನ್ನು ಬೇರ್ಪಡಿಸಬೇಕು. ಗಾಡಿಯ ಮೈಗೆ ಸೇರಿದ ತಂತಿಯನ್ನೇ ಮೊದಲು ಬಿಚ್ಚಬೇಕು. ಆಗ ಸ್ಪ್ಯಾನರ್ ತಗಡಿಗೆ ತಾಗಿದರೂ ಕಿಡಿ ಹಾರದು. ಮೈನರ್ ಕಾರಿನಲ್ಲಿ ಮೈಗೆ ಸೇರಿರುವುದು ಧನಧ್ರುವ. ಈಗಿನ ಕಾರುಗಳಲ್ಲಿ ಋಣಧ್ರುವ. ಫ್ಯೂಸಿಗೆ ಈ ಭೇದವಿಲ್ಲ. ದೀಪವನ್ನು ತಗ್ಗಿಸುವ ಸ್ವಿಚ್ಚಿನಿಂದ ಎರಡು ತಂತಿಗಳು ಹೊರಡುತ್ತವೆ: ನೀಲಿಯ ಮೇಲೆ ಬಿಳಿ ಗೆರೆಯದು ದೂರದ ಬೆಳಕಿಗೆ, ನೀಲಿಯ ಮೇಲೆ ಕೆಂಪು ಗೆರೆಯದು ತಗ್ಗಿಸಿದ ಬೆಳಕಿಗೆ. ಇವು ಎಡ ಬಲಗಳಿಗೆ ಕವಲೊಡೆಯುವ ಮುನ್ನ, ನೀರು ಸಿಡಿಯದ ಜಾಗದಲ್ಲಿ, ಪೆಟ್ಟಿಗೆಯನ್ನು ಕೂರಿಸಬೇಕು. ಒಂದೊಂದು ತಂತಿಯೂ ಎರಡೆರಡು ಫ್ಯೂಸುಗಳಿಗೆ ಪ್ರವಾಹವನ್ನು ಒದಗಿಸಲಿ. ಪೆಟ್ಟಿಗೆಯಿಂದಾಚೆಗೆ ನಾಲ್ಕು ತಂತಿಗಳೂ ಪ್ರತ್ಯೇಕವಾಗಿಯೇ ದೀಪಗಳವರೆಗೆ ಸಾಗಬೇಕು. ಮುಂದೆ ಎಲ್ಲಿಯಾದರೂ ಅವು ಮತ್ತೆ ಕೂಡಿದರೆ ಹಂಚಿದ್ದು ವ್ಯರ್ಥ. ತಗಡಿನ ರಂಧ್ರದಲ್ಲಿ ತಂತಿ ಹಾಯುವೆಡೆ ರಬ್ಬರಿನ ಬಳೆ ಇರಲೇಬೇಕು.

ಇಷ್ಟಾದರೂ ಬ್ಯಾಟರಿಯಿಂದ ಸ್ವಿಚ್ಚಿನ ಮೂಲಕ ಪೆಟ್ಟಿಗೆಯವರೆಗಿನ ತಂತಿಗೆ ಕಾವಲಿಲ್ಲ ಎಂಬುದನ್ನು ಮರೆಯಬಾರದು. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನೇ ಹೊರತು ಹಿಂದಿನದನ್ನಲ್ಲ. ಅದಕ್ಕಾಗಿ ಪ್ರವಾಹದ ಮೂಲದ ಬಳಿ ಒಂದು ಮುಖ್ಯ ಫ್ಯೂಸನ್ನು ಇಡಬಹುದು. ಅದು ಕವಲಿನ ಫ್ಯೂಸಿಗಿಂತ ಸಾಕಷ್ಟು ದೊಡ್ಡದಿರಬೇಕು. ಇಲ್ಲವಾದರೆ ಕವಲಿನ ದೋಷಕ್ಕೆ ಮುಖ್ಯವೇ ಕರಗಿ ಮತ್ತೆ ಕತ್ತಲಾದೀತು. ಆದರೆ ಮುಖ್ಯ ತಂತಿಯ ಶಕ್ತಿಯನ್ನೂ ಅದು ಮೀರಕೂಡದು.

ಕೆಲಸ ಸರಿಯಾಯಿತೇ ಎಂದು ಅರಿಯುವ ಪರೀಕ್ಷೆ ಸುಲಭ. ದೀಪಗಳನ್ನು ಹೊತ್ತಿಸಿ, ಒಂದು ಫ್ಯೂಸನ್ನು ಕೀಳಬೇಕು. ಒಂದು ದೀಪ ಆರಿ, ಇನ್ನೊಂದು ಉರಿಯುತ್ತಿದ್ದರೆ ಹಂಚಿಕೆ ಸರಿಯಾಗಿದೆ. ನಾಲ್ಕನ್ನೂ ಹೀಗೆಯೇ ಪರೀಕ್ಷಿಸಬೇಕು.

ಮುಂದೆಂದಾದರೂ ಫ್ಯೂಸು ಕರಗಿದರೆ ಅದನ್ನು ಶಪಿಸದೆ, ದೊಡ್ಡದನ್ನು ಹಾಕುವ ಆತುರಕ್ಕೂ ಹೋಗದೆ, ತಂತಿ ಎಲ್ಲಿ ಸವೆದಿದೆಯೆಂದು ಹುಡುಕಬೇಕು. ತಾನು ಕರಗಿ ಗಾಡಿಯನ್ನು ಉಳಿಸಿದ ಆ ಸಣ್ಣ ತುಣುಕು ದೋಷವಲ್ಲ. ದೋಷವಿರುವ ಕಡೆಗೆ ಬೆರಳು ತೋರಿಸುವ ಸಾಕ್ಷಿ.